ಮಿತಿ ಮೊದಲೋ, ಪರವಾನಗಿ ಮೊದಲೋ?

ನ್ಯೂಜಿಲೆಂಡಿನ ಉತ್ತರ ದ್ವೀಪದ ಪೂರ್ವ ಕರಾವಳಿಯಲ್ಲಿರುವ ಎಸ್ಕ್ ಕಣಿವೆ 1938ರ ಏಪ್ರಿಲ್‌ನ ನೆರೆಯಲ್ಲಿ ಹೂಳಿನಡಿ ಹುದುಗಿಹೋಯಿತು. ಕೆಲವು ಕಡೆ ಹೂಳಿನ ಆಳ ಮೂರು ಮೀಟರ್. ಅದಕ್ಕೆ ಎರಡು ತಿಂಗಳು ಮೊದಲು ಅದೇ ಕರಾವಳಿಯ ಇನ್ನೊಂದು ತೊರೆ ರಾತ್ರೋರಾತ್ರಿ ಉಕ್ಕಿ, ರೈಲುಮಾರ್ಗ ಹಾಕುತ್ತಿದ್ದವರ ಬಿಡಾರಕ್ಕೆ ನುಗ್ಗಿ 21 ಮಂದಿಯನ್ನು ಬಲಿ ತೆಗೆದುಕೊಂಡಿತ್ತು. ಮಳೆ ವಿಪರೀತವಾಗಿದ್ದುದು ನಿಜ. ಆದರೆ ಗುಡ್ಡಗಳ ಮೇಲಿನ ಕಾಡನ್ನು ಕಡಿದು, ಸುಟ್ಟು, ಕುರಿಗಳಿಗೆ ಹುಲ್ಲುಗಾವಲು ಮಾಡಿಕೊಂಡಿದ್ದರಿಂದ ಮಣ್ಣನ್ನು ಹಿಡಿದಿಡುವ ಬೇರುಗಳೇ ಉಳಿದಿರಲಿಲ್ಲ. 1941ರಲ್ಲಿ ಆ ದೇಶ ಮಣ್ಣಿನ ಸಂರಕ್ಷಣೆ ಮತ್ತು ನದಿ ನಿಯಂತ್ರಣಕ್ಕೆ ಒಂದೇ ಕಾಯ್ದೆ ತಂದಿತು. ಮೇಲೆ ಗುಡ್ಡ ಸವೆಯುವುದೂ ಕೆಳಗೆ ಮನೆ ಮುಳುಗುವುದೂ ಒಂದೇ ಸಮಸ್ಯೆಯ ಎರಡು ತುದಿಗಳು ಎಂದು ಒಪ್ಪಿಕೊಂಡ ಕಾಯ್ದೆ ಅದು. ಆ ಕಾಯ್ದೆಯಡಿ ಹುಟ್ಟಿದ ಜಲಾನಯನ ಮಂಡಳಿಗಳೇ ಇಂದಿನ ಪ್ರಾದೇಶಿಕ ಕೌನ್ಸಿಲ್‌ಗಳ ಪೂರ್ವಜರು. 2023ರ ಫೆಬ್ರುವರಿ 14ರಂದು ಗೇಬ್ರಿಯೆಲ್ ಚಂಡಮಾರುತ ದೇಶದಲ್ಲಿ 11 ಜನರ ಪ್ರಾಣ ತೆಗೆದಾಗ ಎಸ್ಕ್ ಕಣಿವೆ ಮತ್ತೊಮ್ಮೆ ಹೂಳು ತುಂಬಿಕೊಂಡು ಮಲಗಿತು. ಎಂಟು ದಶಕಗಳ ಆಡಳಿತ ವ್ಯರ್ಥವಾಯಿತು ಎಂದು ಅಷ್ಟಕ್ಕೇ ಷರಾ ಬರೆದುಬಿಡುವುದು ಸುಲಭ. ಅದು ಎಲ್ಲಿ ಗೆದ್ದಿತು, ಎಲ್ಲಿ ಪದೇ ಪದೇ ಎಡವಿತು ಎಂದು ಬಿಡಿಸಿ ನೋಡಿದರೆ ಹೆಚ್ಚು ತಿಳಿಯುತ್ತದೆ.

1989ರಲ್ಲಿ ನ್ಯೂಜಿಲೆಂಡ್ ತನ್ನ ಸ್ಥಳೀಯ ಆಡಳಿತವನ್ನು ಬುಡಮಟ್ಟ ಬದಲಿಸಿತು. ಎಂಟುನೂರಕ್ಕೂ ಹೆಚ್ಚು ಚಿಲ್ಲರೆ ಸಂಸ್ಥೆಗಳನ್ನು (ಕಳೆ ನಿಯಂತ್ರಣಕ್ಕೊಂದು, ಬಂದರಿಗೊಂದು, ಚರಂಡಿಗೊಂದು ಎಂಬಂತೆ ಇದ್ದವು) ನೂರಕ್ಕಿಂತ ಕಡಿಮೆಗೆ ಇಳಿಸಿತು. ಆಗ ರೂಪುಗೊಂಡ ಪ್ರಾದೇಶಿಕ ಕೌನ್ಸಿಲ್‌ಗಳ ವಿಶೇಷವೆಂದರೆ ಅವುಗಳ ಗಡಿ. ಬಹುಮಟ್ಟಿಗೆ ಆ ಗಡಿಗಳು ನದಿಗಳ ಜಲಾನಯನವನ್ನೇ ಅನುಸರಿಸುತ್ತವೆ. ಎರಡು ಪ್ರದೇಶಗಳ ನಡುವಿನ ಗೆರೆ ಹೆಚ್ಚಾಗಿ ನೀರು ಎರಡು ಕಡೆಗೆ ಇಳಿದುಹೋಗುವ ಬೆಟ್ಟದ ನೆತ್ತಿಯ ಮೇಲೆಯೇ ಸಾಗುತ್ತದೆ. ಈಗ ಇಂಥ 11 ಕೌನ್ಸಿಲ್‌ಗಳಿವೆ. ಉಳಿದ ಐದು ಪ್ರದೇಶಗಳಲ್ಲಿ ನಗರಾಡಳಿತ ಮತ್ತು ಪ್ರಾದೇಶಿಕ ಆಡಳಿತ ಒಂದೇ ಸಂಸ್ಥೆಯ ಕೈಯಲ್ಲಿದೆ. ನಮ್ಮ ಜಿಲ್ಲಾ ಪಂಚಾಯಿತಿಯ ಹಾಗೆ ಶಾಲೆ, ಆಸ್ಪತ್ರೆ, ಅಂಗನವಾಡಿ ಇವುಗಳ ಕೆಲಸವಲ್ಲ. ನದಿಯಿಂದ, ಕೊಳವೆಬಾವಿಯಿಂದ ಯಾರು ಎಷ್ಟು ನೀರು ಎತ್ತಬೇಕು. ನೀರಿಗೆ, ನೆಲಕ್ಕೆ, ಗಾಳಿಗೆ ಯಾರು ಏನನ್ನು ಬಿಡಬಹುದು. ಯಾವ ಗುಡ್ಡದ ಮಣ್ಣನ್ನು ಕದಲಿಸಬಾರದು. ನೆರೆಗೆ ಎಲ್ಲಿ ಒಡ್ಡು ಕಟ್ಟಬೇಕು. ಕರಾವಳಿಯಿಂದ 12 ನಾಟಿಕಲ್ ಮೈಲಿಯವರೆಗಿನ ಸಮುದ್ರದಲ್ಲಿ ಏನು ನಡೆಯಬಹುದು: ಇವು ಅವುಗಳ ಕೆಲಸ. ಮನೆ, ಬಡಾವಣೆ, ನಲ್ಲಿ ನೀರು, ಒಳಚರಂಡಿ ಎಲ್ಲವೂ ನಗರ ಮತ್ತು ಜಿಲ್ಲಾ ಕೌನ್ಸಿಲ್‌ಗಳದ್ದು. ಎರಡೂ ಬಗೆಯ ಕೌನ್ಸಿಲ್‌ಗಳಿಗೆ ಆಸ್ತಿ ತೆರಿಗೆಯೇ ಮುಖ್ಯ ಆದಾಯ; ಮೂರು ವರ್ಷಕ್ಕೊಮ್ಮೆ ಚುನಾವಣೆ; ಮತ ಹಾಕಲು ಬರುವವರು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ.

ಗಡಿಯ ಈ ಜಾಣತನವನ್ನು ಹೊರಗಿನವರು ಬಹಳ ಹೊಗಳಿದ್ದಾರೆ, ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ ಗಡಿ ಸರಿಯಿದ್ದ ಮಾತ್ರಕ್ಕೆ ನದಿ ಉಳಿಯುವುದಿಲ್ಲ. ಉಳಿವು ನಿರ್ಧಾರವಾಗುವುದು ಇನ್ನೊಂದು ಕಡೆ: ಒಂದು ಜಲಾನಯನ ಒಟ್ಟು ಎಷ್ಟು ಭಾರ ತಡೆದುಕೊಳ್ಳಬಲ್ಲದು ಎಂಬ ಮಿತಿಯನ್ನು ಪರವಾನಗಿ ಕೊಡುವ ಮೊದಲೇ ಗೊತ್ತುಮಾಡಲಾಗಿತ್ತೇ ಅಥವಾ ಪರವಾನಗಿಗಳನ್ನೆಲ್ಲ ಹಂಚಿದ ಮೇಲೆ ಮಿತಿಗಾಗಿ ಹುಡುಕಾಟ ಶುರುವಾಯಿತೇ ಎನ್ನುವುದರಲ್ಲಿ. 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆ ಕೌನ್ಸಿಲ್‌ಗಳಿಗೆ ಎರಡೂ ದಾರಿಗಳನ್ನು ತೆರೆದಿಟ್ಟಿತು. ಯೋಜನೆಯಲ್ಲಿ ಮಿತಿ ಬರೆಯಬಹುದು. ಬರೆಯದೆ ಅರ್ಜಿಗಳನ್ನು ಒಂದೊಂದಾಗಿ ವಿಲೇವಾರಿ ಮಾಡುತ್ತಲೂ ಹೋಗಬಹುದು. ಮಿತಿ ಬರೆಯುವುದು ಜಗಳದ ಕೆಲಸ, ವರ್ಷಗಟ್ಟಲೆ ನ್ಯಾಯಾಲಯ ಸುತ್ತಿಸುವ ಕೆಲಸ. ಹೀಗಾಗಿ ಅನೇಕ ಕಡೆ ಎರಡನೆಯ ದಾರಿಯೇ ರೂಢಿಯಾಯಿತು. ನೀರಿಗೆ ಮೊದಲು ಅರ್ಜಿ ಹಾಕಿದವನಿಗೆ ಮೊದಲ ಹಕ್ಕು ಎಂದು ನ್ಯಾಯಾಲಯಗಳೂ ಒಪ್ಪಿದ್ದವು. ಅರ್ಜಿಯನ್ನು ಒಂಟಿಯಾಗಿ ನೋಡಿದರೆ ಯಾವ ಅರ್ಜಿಯೂ ನದಿಯನ್ನು ಕೊಲ್ಲುವಷ್ಟು ದೊಡ್ಡದಾಗಿ ಕಾಣುವುದಿಲ್ಲ. ಅಡುಗೆಮನೆಯಲ್ಲಿ ಅನ್ನ ಎಷ್ಟು ಉಳಿದಿದೆ ಎಂದು ನೋಡದೆ ಪಂಕ್ತಿಯ ಮೇಲೆ ಪಂಕ್ತಿ ಕೂರಿಸುತ್ತ ಹೋದ ಹಾಗಾಯಿತು ಈ ಪದ್ಧತಿ. ಸಾಲದ್ದಕ್ಕೆ ಪರವಾನಗಿಯ ಅವಧಿ 35 ವರ್ಷದವರೆಗೂ ಇರಬಹುದು. ಕೊಟ್ಟ ಸದಸ್ಯರ ಅವಧಿ ಮೂರೇ ವರ್ಷ.

ಮಿತಿ ಮೊದಲು ಬಂದಾಗ ಏನಾಗುತ್ತದೆ ಎಂಬುದಕ್ಕೆ ಟೌಪೊ ಸರೋವರವನ್ನು ನೋಡಬೇಕು. ಆರುನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ಹರಡಿರುವ ಇದು ದೇಶದ ಅತಿದೊಡ್ಡ ಸರೋವರ; ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು, ಬಹಳ ತಿಳಿ. ಈ ತಿಳಿಯನ್ನು ಕಾಯುವುದು ನೀರಿನಲ್ಲಿ ಸಾರಜನಕ ಕಡಿಮೆಯಿರುವುದು. ಸಾರಜನಕ ಹೆಚ್ಚಿದರೆ ಪಾಚಿ ಹೆಚ್ಚುತ್ತದೆ. ಸುತ್ತಲಿನ ಹುಲ್ಲುಗಾವಲುಗಳಿಂದ ಸಾರಜನಕ ಬಸಿದು ಬರುವುದು ಮುಖ್ಯವಾಗಿ ದನಗಳ ಗಂಜಲದ ಮೂಲಕ. ಹಸು ಒಂದು ಕಡೆ ನಿಂತು ಉಚ್ಚೆ ಹೊಯ್ದರೆ ಆ ಚೂರು ನೆಲದ ಹುಲ್ಲು ಹೀರಿಕೊಳ್ಳಲಾಗದಷ್ಟು ಸಾರಜನಕ ಅಲ್ಲಿ ಬೀಳುತ್ತದೆ. ಮಿಕ್ಕದ್ದು ಮಳೆಯೊಂದಿಗೆ ಅಂತರ್ಜಲಕ್ಕೆ ಇಳಿಯುತ್ತದೆ. ಅಂತರ್ಜಲ ನಿಧಾನಿ. ಇಂದು ಸರೋವರ ಸೇರುವ ಸಾರಜನಕದಲ್ಲಿ ಒಂದಷ್ಟು ದಶಕಗಳ ಹಿಂದೆ ನೆಲಕ್ಕೆ ಬಿದ್ದದ್ದು. ನೀರು ಕಣ್ಣಿಗೆ ಇನ್ನೂ ತಿಳಿಯಾಗಿ ಕಾಣುತ್ತಿದ್ದಾಗಲೇ ವೈಕಾಟೊ ಪ್ರಾದೇಶಿಕ ಕೌನ್ಸಿಲ್ 2005ರಲ್ಲಿ ಇಡೀ ಜಲಾನಯನದ ಸಾರಜನಕಕ್ಕೆ ಮಿತಿ ಪ್ರಕಟಿಸಿತು. ಪ್ರತಿ ಜಮೀನಿಗೂ ಹಿಂದಿನ ಕೆಲವು ವರ್ಷಗಳ ಲೆಕ್ಕದ ಮೇಲೆ ಒಂದು ಪಾಲು ನಿಗದಿಯಾಯಿತು. ಪಾಲನ್ನು ರೈತರು ತಮ್ಮತಮ್ಮಲ್ಲಿ ಮಾರಬಹುದು, ಕೊಳ್ಳಬಹುದು. ಜೊತೆಗೆ ಕೇಂದ್ರ ಸರ್ಕಾರ, ಪ್ರಾದೇಶಿಕ ಕೌನ್ಸಿಲ್ ಮತ್ತು ಜಿಲ್ಲಾ ಕೌನ್ಸಿಲ್ ಮೂವರೂ ಸೇರಿ ಸುಮಾರು ಎಂಟು ಕೋಟಿ ನ್ಯೂಜಿಲೆಂಡ್ ಡಾಲರ್‌ನ ನಿಧಿ ಕಟ್ಟಿ, ರೈತರ ಪಾಲನ್ನು ಕೊಂಡು ರದ್ದು ಮಾಡಿದರು. ಕೆಲವು ಹುಲ್ಲುಗಾವಲುಗಳು ಮರಳಿ ಮರಗಳ ನೆಲವಾದವು. ಒಂದು ದಶಕದೊಳಗೆ ವರ್ಷಕ್ಕೆ ಸುಮಾರು 170 ಟನ್ ಸಾರಜನಕ ಕಡಿಮೆ ಮಾಡುವ ಒಪ್ಪಂದಗಳಾಗಿದ್ದವು. ಫಲವನ್ನು ಇಂದಿನ ಮತದಾರರು ಪೂರ್ತಿ ಕಾಣುವುದಿಲ್ಲ ಎಂದು ಗೊತ್ತಿದ್ದೂ ಒಂದು ಚುನಾಯಿತ ಸಂಸ್ಥೆ ಈ ಕೆಲಸ ಮಾಡಿತು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಟೌಪೊ ಯೋಜನೆ ನಿರ್ದೋಷಿಯಲ್ಲ. ಹಿಂದೆ ಎಷ್ಟು ಸಾರಜನಕ ಬಿಟ್ಟಿದ್ದರೋ ಅದನ್ನೇ ಅಳತೆಗೋಲು ಮಾಡಿದ್ದರಿಂದ ಹೆಚ್ಚು ಮಲಿನ ಮಾಡಿದವರಿಗೆ ಹೆಚ್ಚು ಪಾಲು ಸಿಕ್ಕಿತು. ಜಮೀನನ್ನು ಕಾಡಾಗಿಯೇ ಉಳಿಸಿಕೊಂಡಿದ್ದವರಿಗೆ, ಅವರಲ್ಲಿ ಅಲ್ಲಿನ ಮಾವೊರಿ ಒಡೆಯರು ಬಹಳ, ಮುಂದೆ ಹೈನುಗಾರಿಕೆ ಮಾಡುವ ದಾರಿ ಬಹುಮಟ್ಟಿಗೆ ಮುಚ್ಚಿತು. ಇದು ಅನ್ಯಾಯವೇ. ಆದರೆ ಹಂಚಿಕೆಯಲ್ಲಿನ ಅನ್ಯಾಯವನ್ನು ಮಿತಿಯ ವಿರುದ್ಧದ ವಾದವಾಗಿ ತಿರುಗಿಸುವುದು ತಪ್ಪು. ಒಟ್ಟು ಎಷ್ಟು ಎಂಬುದು ಗೊತ್ತಿದ್ದರೆ ಪಾಲನ್ನು ಇನ್ನೊಮ್ಮೆ ನ್ಯಾಯವಾಗಿ ಹಂಚಬಹುದು; ಗೊತ್ತಿಲ್ಲದಿದ್ದರೆ ಹಂಚಲು ಏನೂ ಇರುವುದಿಲ್ಲ.

ದಕ್ಷಿಣ ದ್ವೀಪದ ಕ್ಯಾಂಟರ್ಬರಿಯ ಕಥೆ ತಲೆಕೆಳಗು. ಸದರ್ನ್ ಆಲ್ಪ್ಸ್ ಪರ್ವತಗಳ ಪೂರ್ವಕ್ಕೆ ಹರಡಿದ ಒಣ ಬಯಲು ಅದು, ನೆಲದಡಿ ಜಲ್ಲಿಕಲ್ಲು. ಹಿಂದೆ ಅಲ್ಲಿ ಕುರಿ ಮತ್ತು ಧಾನ್ಯ. 1990ರ ದಶಕದಿಂದ ಹಾಲಿನ ಬೆಲೆ ಏರಿದಂತೆ ಕೊಳವೆಬಾವಿ, ನದಿ ಕಾಲುವೆಗಳಿಂದ ನೀರೆತ್ತಿ, ಚಕ್ರಗಳ ಮೇಲೆ ಉರುಳುವ ನೂರಾರು ಮೀಟರ್ ಉದ್ದದ ತುಂತುರು ಯಂತ್ರಗಳನ್ನು ಓಡಿಸಿ ಬಯಲನ್ನು ಹೈನುಗಾರಿಕೆಗೆ ಒಗ್ಗಿಸಿದರು. ಇಂದು ದೇಶದ ನೀರಾವರಿ ಜಮೀನಿನ ಸುಮಾರು ಮೂರನೇ ಎರಡು ಪಾಲು ಈ ಒಂದೇ ಪ್ರದೇಶದಲ್ಲಿದೆ. ನೀರೆತ್ತುವ ಪರವಾನಗಿಗಳು ಸರತಿಯ ಪ್ರಕಾರ ಹೋಗುತ್ತಲೇ ಇದ್ದವು. ದೊಡ್ಡ ಪ್ರಮಾಣದಲ್ಲಿ ನೀರೆತ್ತುವವರೆಲ್ಲ ಮೀಟರ್ ಹಾಕಿಸಿಕೊಳ್ಳಬೇಕು ಎಂಬ ರಾಷ್ಟ್ರೀಯ ನಿಯಮ ಬಂದದ್ದೇ 2010ರಲ್ಲಿ. ಎಂದರೆ ಅಲ್ಲಿಯವರೆಗೆ ಎತ್ತಲು ಅನುಮತಿಯಿದ್ದ ನೀರೆಷ್ಟು ಎಂಬುದು ಕಾಗದದಲ್ಲಿತ್ತು. ನಿಜಕ್ಕೂ ಎತ್ತಿದ ನೀರೆಷ್ಟು ಎಂಬುದು ಬಹಳ ಕಡೆ ಅಂದಾಜು. ಜಲ್ಲಿ ನೆಲದಲ್ಲಿ ಗಂಜಲದ ಸಾರಜನಕ ನೈಟ್ರೇಟ್ ಆಗಿ ಸಲೀಸಾಗಿ ಕೆಳಗಿಳಿಯುತ್ತದೆ. ಗ್ರಾಮೀಣ ಕ್ಯಾಂಟರ್ಬರಿಯ ಎಷ್ಟೋ ಮನೆಗಳು ಕುಡಿಯುವುದು ಸ್ವಂತ ಬಾವಿಯ ನೀರು. ಕುಡಿಯುವ ನೀರಿನ ಕಾನೂನುಬದ್ಧ ಮಿತಿ ಲೀಟರಿಗೆ 11.3 ಮಿಲಿಗ್ರಾಂ ನೈಟ್ರೇಟ್-ಸಾರಜನಕ. ಅದನ್ನು ಮೀರುವ ಬಾವಿಗಳ ಸುದ್ದಿ ಅಲ್ಲಿ ಈಗ ಸುದ್ದಿಯೇ ಅಲ್ಲ. 2025ರ ಸೆಪ್ಟೆಂಬರಿನಲ್ಲಿ ಕ್ಯಾಂಟರ್ಬರಿ ಕೌನ್ಸಿಲ್ ನೈಟ್ರೇಟ್ ತುರ್ತುಸ್ಥಿತಿ ಘೋಷಿಸಿತು. ಪರವಾನಗಿ ಕೊಟ್ಟ ಸಂಸ್ಥೆಯೇ ಕೊನೆಗೆ ತುರ್ತುಸ್ಥಿತಿಯನ್ನೂ ಘೋಷಿಸಬೇಕಾಯಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಮತ್ತು ಅದು ಹಗುರವಾದದ್ದಲ್ಲ. ತೆರಿಗೆ ಕಟ್ಟುವ ರೈತರೂ ಪಟ್ಟಣಿಗರೂ ಆರಿಸಿದ ಸದಸ್ಯರು ಎರಡು ಬಣಗಳಾಗಿ ಕಚ್ಚಾಡುತ್ತ ಕೂತರೆ ಮಿತಿ ಹಾಕುವವರು ಯಾರು? ಇಂಥದ್ದನ್ನು ತಜ್ಞರ ಕೈಗೆ ಕೊಡಬಾರದೇಕೆ? ಕ್ಯಾಂಟರ್ಬರಿಯಲ್ಲಿ ಅದನ್ನೂ ಮಾಡಿ ನೋಡಿದರು. ನೀರಿನ ಯೋಜನೆ ಕುಂಟುತ್ತಿದೆ ಎಂದು 2010ರಲ್ಲಿ ಸರ್ಕಾರ ಸಂಸತ್ತಿನಲ್ಲಿ ತರಾತುರಿಯಲ್ಲಿ ಕಾನೂನು ಮಾಡಿ, ಚುನಾಯಿತರಾಗಿದ್ದ 14 ಸದಸ್ಯರನ್ನು ಮನೆಗೆ ಕಳಿಸಿ, ಕಮಿಷನರ್‌ಗಳನ್ನು ಕೂರಿಸಿತು. ಪ್ರಾದೇಶಿಕ ನೀರಿನ ಯೋಜನೆಯನ್ನು ಪರಿಸರ ನ್ಯಾಯಾಲಯದಲ್ಲಿ ಅದರ ಗುಣಾವಗುಣಗಳ ಮೇಲೆ ಪ್ರಶ್ನಿಸುವ ಹಕ್ಕನ್ನೂ ಮೊಟಕುಗೊಳಿಸಿತು. ಪೂರ್ಣ ಚುನಾಯಿತ ಕೌನ್ಸಿಲ್ ಮರಳಿದ್ದು 2019ರಲ್ಲಿ. ಕಮಿಷನರ್‌ಗಳು ಏನೂ ಮಾಡಲಿಲ್ಲ ಎನ್ನಲಾಗದು. ಭೂಮಿ ಮತ್ತು ನೀರಿನ ಯೋಜನೆಯನ್ನು ಅವರು ಬೇಗ ಮುಗಿಸಿದರು. ಆದರೆ ಅದೇ ದಶಕದಲ್ಲಿ ನೀರಾವರಿಯೂ ಹಸುಗಳೂ ಬೆಳೆದವು. ವೇಗ ಬಂತು, ಮಿತಿಯ ಬಿಗಿ ಬರಲಿಲ್ಲ. ಮತದಾರರನ್ನು ಬದಿಗೆ ಸರಿಸಿದರೆ ಹಿತಾಸಕ್ತಿಗಳ ಒತ್ತಡ ಮಾಯವಾಗುವುದಿಲ್ಲ. ಅದು ರಾಜಧಾನಿಗೆ ಜಾಗ ಬದಲಿಸುತ್ತದೆ, ಕಾಣದಂತಾಗುತ್ತದೆ. ಮಿತಿ ಹಾಕಿದ ವೈಕಾಟೊ ಕೌನ್ಸಿಲ್ ಚುನಾಯಿತವೇ ಆಗಿತ್ತು ಎಂಬುದನ್ನು ತಜ್ಞರಾಡಳಿತದ ಪರ ವಕಾಲತ್ತು ವಹಿಸುವವರು ಮರೆಯುತ್ತಾರೆ.

ನೀರಿಗೆ ಸಲ್ಲುವ ಮಾತು ನೆರೆಗೂ ಸಲ್ಲುತ್ತದೆ. ಬೇ ಆಫ್ ಪ್ಲೆಂಟಿ ಪ್ರದೇಶದ ರಂಗಿಟೈಕಿ ಬಯಲು ಒಂದು ಕಾಲದಲ್ಲಿ ಜೌಗು. ಬಸಿಗಾಲುವೆ ತೋಡಿ ಸಾಗುವಳಿಗೆ ತಂದದ್ದು. 1987ರ ಭೂಕಂಪದಲ್ಲಿ ಆ ಬಯಲಿನ ನೆಲ ಕೆಲವೆಡೆ ಎರಡು ಮೀಟರಿನಷ್ಟು ಕುಸಿಯಿತು. ನದಿಯೆದುರು ಊರು ಇನ್ನಷ್ಟು ತಗ್ಗಾಯಿತು. ಆದರೂ ಒಡ್ಡು ಇದೆಯೆಂಬ ನಂಬಿಕೆಯಲ್ಲಿ ಎಡ್ಜ್‌ಕಂಬ್ ಪಟ್ಟಣ ಅಲ್ಲೇ ಮುಂದುವರಿಯಿತು. 2017ರ ಏಪ್ರಿಲ್ 6ರ ಬೆಳಿಗ್ಗೆ ಕಾಲೇಜ್ ರಸ್ತೆಯ ಬದಿಯ ಕಾಂಕ್ರೀಟ್ ತಡೆಗೋಡೆ ಕುಸಿದು ಸುಮಾರು 1,600 ಜನ ಊರು ಬಿಡಬೇಕಾಯಿತು. ಆಮೇಲೆ ಪ್ರಾದೇಶಿಕ ಕೌನ್ಸಿಲ್ ಮನೆಗಳನ್ನು ಕೊಂಡು, ಒಡ್ಡನ್ನು ಹಿಂದಕ್ಕೆ ಸರಿಸಿ, ನದಿಗೆ ಜಾಗ ಬಿಟ್ಟಿತು. ಒಡ್ಡು ಕಟ್ಟಿದಷ್ಟೂ ಅದರ ಹಿಂದೆ ಮನೆ ಕಟ್ಟುವವರು ಹೆಚ್ಚುತ್ತಾರೆ. ಸಣ್ಣ ನೆರೆಗಳು ನಿಲ್ಲುತ್ತವೆ, ದೊಡ್ಡ ನೆರೆಯ ನಷ್ಟ ಬೆಳೆಯುತ್ತದೆ. ಒಡ್ಡು ಪ್ರಾದೇಶಿಕ ಕೌನ್ಸಿಲಿನದು, ಮನೆ ಕಟ್ಟಲು ಅನುಮತಿ ಕೊಡುವುದು ಜಿಲ್ಲಾ ಕೌನ್ಸಿಲ್. ಈ ಎರಡು ಕೈಗಳ ನಡುವಿನ ಸಂದಿಯಲ್ಲೇ ಅಪಾಯ ಬೆಳೆಯುತ್ತದೆ.

ಅಲ್ಲಿಂದ ತುಸು ದೂರದ ಮಟಟಾ ಎಂಬ ಕಡಲಂಚಿನ ಊರು ಇದೇ ಸಂಗತಿಯನ್ನು ಕಾನೂನಿನ ತುದಿಯವರೆಗೆ ಒಯ್ಯಿತು. 2005ರ ಮೇ 18ರಂದು ಬೆಟ್ಟದಿಂದ ಬಂಡೆ, ಮರ, ಕೆಸರು ಒಟ್ಟಾಗಿ ಉರುಳಿ 27 ಮನೆಗಳು ನಾಶವಾದವು. ಯಾರೂ ಸಾಯದಿದ್ದುದು ಅದೃಷ್ಟ. ಮೊದಲು ತಡೆಗಟ್ಟೆಯ ಯೋಚನೆಯಾಯಿತು. ಎಂಜಿನಿಯರುಗಳು ವರ್ಷಗಟ್ಟಲೆ ತಲೆಕೆಡಿಸಿಕೊಂಡು, ಆಗದು ಎಂದರು. ಅಂದಮೇಲೆ ಉಳಿದದ್ದು ಜನರನ್ನು ಅಲ್ಲಿಂದ ಎಬ್ಬಿಸುವುದು. ಜಿಲ್ಲಾ ಕೌನ್ಸಿಲಿಗೆ ಆ ಶಕ್ತಿ ಇರಲಿಲ್ಲ: ಹಿಂದೆ ಕಾನೂನುಬದ್ಧವಾಗಿ ಶುರುವಾದ ವಾಸವನ್ನು ಅದರ ಹೊಸ ನಿಯಮ ಮುಟ್ಟುವಂತಿಲ್ಲ. ಪ್ರಾದೇಶಿಕ ಕೌನ್ಸಿಲಿನ ನಿಯಮ ಮುಟ್ಟಬಲ್ಲದು. ಹಾಗಾಗಿ ಜಿಲ್ಲಾ ಕೌನ್ಸಿಲೇ ಪ್ರಾದೇಶಿಕ ಕೌನ್ಸಿಲಿಗೆ ಅರ್ಜಿ ಹಾಕಿ, ಯೋಜನೆ ಬದಲಿಸಿಕೊಂಡು, 2021ರ ಮಾರ್ಚ್ 31ರ ನಂತರ ಅಲ್ಲಿ ವಾಸ ಮಾಡುವಂತಿಲ್ಲ ಎಂಬ ನಿಯಮ ತಂದಿತು. ಮೂರು ಹಂತದ ಸರ್ಕಾರಗಳು ಸೇರಿ ಸುಮಾರು ಒಂದೂವರೆ ಕೋಟಿ ಡಾಲರ್ ಪರಿಹಾರ ಇಟ್ಟವು. ಸ್ವಂತ ಮನೆಯಿಂದ ಹೊರಹಾಕುವ ಅಧಿಕಾರ ಭಯ ಹುಟ್ಟಿಸುವಂಥದ್ದು. ಕೆಲವು ನಿವಾಸಿಗಳು ನ್ಯಾಯಾಲಯಕ್ಕೆ ಹೋದದ್ದು ಸಹಜ. ಆದರೆ ಮನೆ ಕಟ್ಟುವ ಮುನ್ನ ಹಾಕಬೇಕಾಗಿದ್ದ ಮಿತಿಯನ್ನು ಕಟ್ಟಿದ ಮೇಲೆ ಹಾಕಲು ಹೊರಟರೆ ಹದಿನೈದು ವರ್ಷ ಹಿಡಿಯುತ್ತದೆ, ಕೋಟಿಗಟ್ಟಲೆ ಡಾಲರ್ ಬೇಕಾಗುತ್ತದೆ. ಅದೂ ಹತ್ತಾರು ಮನೆಗಳಿಗಷ್ಟೇ.

ಎರಡು ಹಂತದ ಕೌನ್ಸಿಲ್‌ಗಳೇ ಬೇಡ, ಒಂದೇ ಸಾಕು, ಸಂದಿಯೇ ಇರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಒಂದೇ ಸಂಸ್ಥೆಯಿರುವ ಆ ಐದು ಪ್ರದೇಶಗಳಲ್ಲಿ ಗಿಸ್ಬೋರ್ನ್ ಕೂಡ ಒಂದು; ಆದರೂ ಅಲ್ಲಿ ಅಪಾಯ ತಪ್ಪಲಿಲ್ಲ. 1988ರ ಮಾರ್ಚ್‌ನಲ್ಲಿ ಬೋಲಾ ಚಂಡಮಾರುತ ಅಲ್ಲಿನ ಬೋಳು ಗುಡ್ಡಗಳನ್ನು ಕೊಚ್ಚಿದ ಮೇಲೆ ಸರ್ಕಾರದ ಸಹಾಯಧನದಲ್ಲಿ ಪೈನ್ ನೆಡಲಾಯಿತು. ಮಣ್ಣು ಹಿಡಿಯಲು ನೆಟ್ಟ ಮರ ಮೂವತ್ತು ವರ್ಷಕ್ಕೆ ಮೋಪಾಯಿತು. ಗುಡ್ಡಕ್ಕೆ ಗುಡ್ಡವನ್ನೇ ಒಮ್ಮೆಲೆ ಕಡಿದರು. ಕಡಿದ ಮೇಲೆ ಹಳೆಯ ಬೇರು ಕೊಳೆತು ಹೊಸ ಬೇರು ಹಿಡಿಯುವವರೆಗಿನ ಕೆಲವು ವರ್ಷ ಆ ಇಳಿಜಾರಿಗೆ ದಿಕ್ಕಿಲ್ಲ. 2018ರ ಜೂನ್‌ನಲ್ಲಿ ಟೊಲಾಗಾ ಬೇಯಲ್ಲೂ 2023ರಲ್ಲಿ ಜಿಲ್ಲೆಯುದ್ದಕ್ಕೂ ಕಡಿದು ಬಿಟ್ಟ ಮರದ ತುಂಡುಗಳು ನೆರೆಯೊಂದಿಗೆ ಇಳಿದು ಸೇತುವೆ, ಬೇಲಿ, ಕಡಲತೀರಗಳನ್ನು ಮುಚ್ಚಿದವು. ಮಾಜಿ ಸಚಿವೆ ಹೆಕಿಯಾ ಪರಾಟ ನೇತೃತ್ವದ ಸಮಿತಿ ಆ ವರ್ಷ ಇದನ್ನು ವಿಚಾರಣೆ ಮಾಡಿತು. ಅಲ್ಲಿನ ಐವತ್ತು ಸಾವಿರದಷ್ಟು ಜನ ಎಂಟು ಸಾವಿರ ಚದರ ಕಿಲೋಮೀಟರ್ ಗುಡ್ಡಗಾಡನ್ನು ತಮ್ಮ ತೆರಿಗೆಯಿಂದ ಕಾಯಬೇಕು. ಅದೂ 2018ರಿಂದ ತೋಪುಗಳ ನಿಯಮದ ಬಹುಪಾಲು ರಾಜಧಾನಿಯಲ್ಲೇ ತಯಾರಾಗಿ ಬರುವಾಗ. ಕೌನ್ಸಿಲ್ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿ ದಂಡ ಹಾಕಿಸಿತು ನಿಜ. ದಂಡ ಬೀಳುವುದು ಮರ ಕಡಲಿಗೆ ಬಂದ ಮೇಲೆ.

ರೈತರ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಹಾಲಿನ ಉತ್ಪನ್ನ ಆ ದೇಶದ ಅತಿದೊಡ್ಡ ರಫ್ತು ಸರಕು. ಸಾಲ ಮಾಡಿ ಜಮೀನು ಕೊಂಡವರ ಕುತ್ತಿಗೆಗೆ ಹೊಸ ಮಿತಿ ಹಗ್ಗವಾಗಬಹುದು. ವ್ಯಕ್ತಿಯ ಮಟ್ಟದಲ್ಲಿ ಇದು ದಿಟ, ಅದಕ್ಕೇ ಟೌಪೊದಲ್ಲಿ ನಿಧಿ ಬೇಕಾಯಿತು. ಆದರೆ ಮಿತಿ ಇಲ್ಲದಿದ್ದಾಗ ಖರ್ಚು ಇಲ್ಲವಾಗುವುದಿಲ್ಲ, ಕಟ್ಟುವವರು ಬದಲಾಗುತ್ತಾರೆ: ಬಾವಿಯ ನೀರಿಗೆ ಶೋಧಕ ಯಂತ್ರ ಹಾಕಿಸಿಕೊಳ್ಳುವ ಮನೆಯವರು, ನೀರು ಶುದ್ಧೀಕರಿಸುವ ಪಟ್ಟಣ, ಮುಂದಿನ ತಲೆಮಾರಿನ ರೈತರೂ. ಯೂರಿಯಾದಂಥ ಗೊಬ್ಬರದ ಮೂಲಕ ಹುಲ್ಲುಗಾವಲಿಗೆ ಹಾಕುವ ಸಾರಜನಕಕ್ಕೆ ಹೆಕ್ಟೇರಿಗೆ ವರ್ಷಕ್ಕೆ 190 ಕಿಲೋ ಎಂಬ ರಾಷ್ಟ್ರೀಯ ಮಿತಿ 2021ರಲ್ಲಿ ಜಾರಿಗೆ ಬಂತು. ಹೈನುಗಾರಿಕೆ ಅದರಿಂದ ಮುಳುಗಲಿಲ್ಲ.

ಈಗ ಇಡೀ ವ್ಯವಸ್ಥೆಯೇ ತಕ್ಕಡಿಯಲ್ಲಿದೆ. 2025ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ಪ್ರಾದೇಶಿಕ ಕೌನ್ಸಿಲರ್ ಹುದ್ದೆಗಳನ್ನೇ ತೆಗೆದು, ಆ ಪ್ರದೇಶದ ಮೇಯರ್‌ಗಳ ಮಂಡಳಿಗೆ ಅವರ ಕೆಲಸ ವಹಿಸುವ ಪ್ರಸ್ತಾವ ಮುಂದಿಟ್ಟಿತು. ಖರ್ಚು ಉಳಿಯುತ್ತದೆ, ಗೊಂದಲ ತಗ್ಗುತ್ತದೆ ಎಂಬುದು ಸಮರ್ಥನೆ; ಯಾರಿಗೆ ಮತ ಹಾಕುತ್ತಿದ್ದೇವೆಂದೇ ಗೊತ್ತಿಲ್ಲದ ಮತದಾರರು ಬಹಳವಿರುವಾಗ ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ 2016ರ ಆಗಸ್ಟ್‌ನಲ್ಲಿ ಹ್ಯಾವ್‌ಲಾಕ್ ನಾರ್ತ್‌ನಲ್ಲಿ ಏನಾಯಿತೆಂದು ನೆನೆಯಬೇಕು. ಸುಮಾರು 14,000 ಜನರ ಆ ಪಟ್ಟಣದಲ್ಲಿ ಕುರಿಗಳ ಹಿಕ್ಕೆಯ ಸೋಂಕು ಮಳೆನೀರಿನೊಂದಿಗೆ ಪಟ್ಟಣದ ಬಾವಿಗಳಿಗೆ ಸೇರಿ 5,000ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ನಾಲ್ಕು ಸಾವುಗಳಿಗೆ ಆ ಸೋಂಕಿನ ನಂಟಿದೆ ಎಂದು ಕಂಡುಬಂತು. ನೀರು ಪೂರೈಸುತ್ತಿದ್ದುದು ಹೇಸ್ಟಿಂಗ್ಸ್ ಜಿಲ್ಲಾ ಕೌನ್ಸಿಲ್. ನೆಲದಡಿಯ ನೀರನ್ನು ಕಾಯಬೇಕಾಗಿದ್ದುದು ಹಾಕ್ಸ್ ಬೇ ಪ್ರಾದೇಶಿಕ ಕೌನ್ಸಿಲ್. ವಿಚಾರಣಾ ಸಮಿತಿ ಇಬ್ಬರನ್ನೂ ದೂರಿತು, ಇಬ್ಬರ ನಡುವೆ ಸಹಕಾರದ ಕೊರತೆಯಿತ್ತೆಂದಿತು. ಸಹಕಾರ ಬೇಕು, ಒಪ್ಪೋಣ. ಆದರೆ ನದಿಗೆ ಒಳಚರಂಡಿ ನೀರು ಬಿಡಲು ಪರವಾನಗಿ ಕೇಳುವವರು, ಕುಡಿಯಲು ನೀರೆತ್ತುವವರು, ಬಡಾವಣೆಗೆ ಅಪ್ಪಣೆ ಕೊಡುವವರು ಈ ಮೇಯರ್‌ಗಳ ಕೌನ್ಸಿಲ್‌ಗಳೇ. ಅವರು ಒಟ್ಟಿಗೆ ಕೂತು ಒಡ್ಡು ಕಟ್ಟಲಿ, ಹಣ ಹೊಂದಿಸಲಿ, ಬಡಾವಣೆ ಎಲ್ಲಿ ಬರಬಾರದೆಂದು ಮಾತಾಡಿಕೊಳ್ಳಲಿ. ಜಲಾನಯನದ ಮಿತಿ ಬರೆಯುವ, ಪರವಾನಗಿ ಕೊಡುವ, ತಪ್ಪಿದವರ ಮೇಲೆ ಮೊಕದ್ದಮೆ ಹೂಡುವ ಅಧಿಕಾರ ಮಾತ್ರ ಅವರ ಕೈಗೆ ಹೋಗಬಾರದು.